ವಸಡಿಗಲ್ಲ, ದವಡೆಗೆ

ನಗುವಾಗ ಅವನು ಬಾಯಿ ತೆರೆಯುತ್ತಿರಲಿಲ್ಲ. ಹಲ್ಲಿನ ಡಾಕ್ಟರಾದ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ತುಟಿ ಬಿಗಿಹಿಡಿದು, ನಗುವನ್ನೆಲ್ಲ ಕಣ್ಣಿಗೆ ಸಾಗಹಾಕುತ್ತಿದ್ದ.

ಅವನ ಗ್ಯಾರೇಜಿನ ಮುಂದೆ ಪಿಕಪ್ ನಿಲ್ಲಿಸಿ, "ಇದಕ್ಕೊಂದು ಹಿಚ್ ಹಾಕಬೇಕು, ಟ್ರೇಲರ್ ಎಳೆಯೋ ಕೊಂಡಿ," ಎಂದಿದ್ದೆ.

"ಏನು ಎಳೀಬೇಕು ಡಾಕ್ಟ್ರೇ?"

"ಒಂದು ಕ್ಲಿನಿಕ್ಕು."

ಕಣ್ಣು ನಕ್ಕವು.

"ತಮಾಷೆ ಅಲ್ಲ ಫಿಟ್ಟರೇ. ಕುರ್ಚಿ, ದೀಪ, ಕಂಪ್ರೆಸರ್, ನೀರಿನ ಟ್ಯಾಂಕ್. ಎಲ್ಲ ಸೇರಿ ಒಂದು ಟನ್ ದಾಟುತ್ತೆ. ಪೇಟೆಗೆ ಬರೋಕಾಗದವರ ಹತ್ತಿರ ನಾನೇ ಹೋಗ್ತೀನಿ."

ಅವನು ಎರಡು ನಮೂನೆ ತೋರಿಸಿದ. ಒಂದು ಪುಟ್ಟದು, ಬಂಪರ್‌ಗೇ ಬಿಗಿಯುವಂಥದ್ದು. ಇನ್ನೊಂದು ಕ್ಯಾಟಲಾಗಿನ ಚಿತ್ರ: ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಎರಡೂ ಕಡೆ ಕಚ್ಚಿಕೊಳ್ಳುವ ದಪ್ಪ ಉಕ್ಕಿನ ತೊಲೆ. ತರಿಸಬೇಕಿತ್ತು.

"ಬೆಳಿಗ್ಗೆ ನಿಮ್ಮಣ್ಣ ಫೋನ್ ಮಾಡಿದ್ರು. ಚಿಕ್ಕದೇ ಸಾಕು, ಊರೊಳಗೆ ಒಂದು ಸುತ್ತು ಹಾಕಿದ್ರೆ ಅವಳ ಹುಚ್ಚು ಇಳಿಯುತ್ತೆ ಅಂದ್ರು."

ಅಣ್ಣನೂ ಹಲ್ಲಿನ ಡಾಕ್ಟರೇ. ನಾವಿಬ್ಬರೂ ಒಂದೇ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದೆವು. ಬೋರ್ಡಿನಲ್ಲಿ ಮಾತ್ರ ಅವನ ಹೆಸರೊಂದೇ.

"ಬಂಪರ್ ಅಂದ್ರೆ ವಸಡು, ಚಾಸಿ ಅಂದ್ರೆ ದವಡೆ ಮೂಳೆ," ಎಂದೆ. "ಹಲ್ಲನ್ನ ವಸಡಿಗೆ ಅಂಟಿಸಿ ಕಳಿಸೋ ಡಾಕ್ಟರ್ ನಾನಲ್ಲ. ದೊಡ್ಡದನ್ನೇ ತರಿಸಿ."

ಅವನು ಮೈಮರೆತು ನಕ್ಕುಬಿಟ್ಟ. ತಕ್ಷಣ ಗ್ರೀಸ್ ಮೆತ್ತಿದ ಕೈ ಬಾಯಿಗೆ ಹೋಯಿತು.

"ತಡವಾಯ್ತು, ನೋಡಿಬಿಟ್ಟೆ. ಮುಂದಿನ ಹಲ್ಲು ಅರ್ಧ ಇಲ್ಲ."

"ಪಾನಾ ಜಾರಿ ಬಡೀತು."

"ಬಂದು ತೋರಿಸಬಾರದಾ?"

"ನಿಮ್ಮ ಚಕ್ರದ ಕ್ಲಿನಿಕ್ಕು ಹೊರಡಲಿ. ಅದಕ್ಕೇ ಬರ್ತೀನಿ."

ಆಮೇಲೆ ಪ್ರತಿ ಸಂಜೆ ಕೇಳಲು ಹೋಗುತ್ತಿದ್ದೆ. ಹಿಚ್ ಬಂದಿಲ್ಲ ಎನ್ನುತ್ತಿದ್ದ. ಅಷ್ಟರಲ್ಲಿ, ನಾನು ಗ್ಯಾರೇಜಿಗೆ ತರಿಸಿಟ್ಟಿದ್ದ ಟ್ರೇಲರಿನ ದೀಪಗಳಿಗೆ ವೈರ್ ಎಳೆದ. ಗಾಡಿಗೆ ಸಿಕ್ಕಿಸುವ ಅದರ ಮೂತಿಯ ಕೆಳಗೆ ತೂಕದ ಯಂತ್ರ ಇಟ್ಟು, ಕಂಪ್ರೆಸರನ್ನು ಮುಂದಕ್ಕೆ ಜರುಗಿಸಿದ.

"ಭಾರದಲ್ಲಿ ಹತ್ತನೇ ಒಂದು ಪಾಲಾದ್ರೂ ಈ ಮೂತಿ ಮೇಲೆ ಕೂರಬೇಕು. ಇಲ್ದಿದ್ರೆ ಓಡುವಾಗ ಬಾಲ ಕುಣಿಯುತ್ತೆ."

ಯಂತ್ರದ ಮುಳ್ಳು ನೋಡಲು ಇಬ್ಬರೂ ಮಂಡಿಯೂರಿದೆವು. ಅವನ ರೆಪ್ಪೆಯ ಮೇಲೆ ಲೋಹದ ಸಣ್ಣ ಪುಡಿಯೊಂದು ಮಿನುಗುತ್ತಿತ್ತು. ಮುಳ್ಳು ಎಲ್ಲಿ ನಿಂತಿತೋ, ಇಬ್ಬರೂ ನೋಡಲಿಲ್ಲ. ಮತ್ತೊಮ್ಮೆ ತೂಗಬೇಕಾಯಿತು.

ಮನೆಯಲ್ಲಿ ಅಣ್ಣ ಗುಡುಗಿದ. "ಗ್ಯಾರೇಜಲ್ಲೇ ಬೀಡುಬಿಟ್ಟಿದ್ದೀಯಂತೆ. ನಾಲ್ಕು ಜನ ಏನಂತಾರೆ?"

"ಆ ನಾಲ್ಕೂ ಜನರ ಬಾಯಿ ನಾನು ನೋಡಿದ್ದೀನಿ ಅಣ್ಣಾ. ಮೊದಲು ಹಲ್ಲುಜ್ಜಲಿ, ಆಮೇಲೆ ಮಾತಾಡಲಿ."

ಮರುದಿನ ಕೈ ಒರೆಸಲು ಬಟ್ಟೆ ಹುಡುಕುತ್ತಾ ಗ್ಯಾರೇಜಿನ ಮೂಲೆಯ ಟಾರ್ಪಾಲ್ ಎತ್ತಿದೆ. ಕೆಳಗೆ ನನ್ನ ಹಿಚ್ ಮಲಗಿತ್ತು. ಬೆರಳು ಎಳೆದರೆ ಗೆರೆ ಮೂಡುವಷ್ಟು ಧೂಳು.

"ಇದು ನಿನ್ನೆ ಮೊನ್ನೆಯ ಧೂಳಲ್ಲ. ಅಣ್ಣ ಹೇಳಿದ್ನಾ ಬಚ್ಚಿಡೋಕೆ?"

"ಇಲ್ಲ." ಅವನ ಕಣ್ಣು ನೆಲ ನೋಡುತ್ತಿದ್ದವು. "ಹಾಕಿದ್ರೆ ನೀವು ಹೊರಟುಹೋಗ್ತೀರಿ."

ಎದೆ ಒಮ್ಮೆ ಹಾರಿತು, ನಿಜ. ಅದರ ಬೆನ್ನಿಗೇ ಸಿಟ್ಟು, ಅದಕ್ಕಿಂತ ಎತ್ತರಕ್ಕೆ.

"ಅಣ್ಣನಿಗೆ ಮರ್ಯಾದೆಯ ನೆಪ, ನಿಮಗೆ ಪ್ರೀತಿಯ ನೆಪ. ತಡೆದು ನಿಲ್ಲಿಸಿದ್ದು ಮಾತ್ರ ಇಬ್ಬರೂ. ಪಾನಾ ಕೊಡಿ."

"ನಾನು ಹಾಕ್ತೀನಿ…"

"ಪಾನಾ ಕೊಡಿ ಅಂದೆ."

ಗಾಡಿಯ ಕೆಳಗೆ ಬೆನ್ನು ಕೊಟ್ಟು ಮಲಗಿದೆ. ತೊಲೆ ಒಬ್ಬರಿಂದ ಏಳುವಂಥದ್ದಲ್ಲ; ಅವನೂ ನುಸುಳಿ ಬಂದು ಇನ್ನೊಂದು ತುದಿ ಎತ್ತಿಹಿಡಿದ.

"ತಪ್ಪಾಯ್ತು," ಎಂದ.

"ಆ ಕಡೆ ಸ್ವಲ್ಪ ಮೇಲೆ."

"ತಪ್ಪಾಯ್ತು ಅಂದೆ."

"ಕೇಳಿಸ್ತು. ಮೇಲೆ."

ಬಿಗಿತ ಅಳೆಯುವ ಪಾನಾ ಒಂದೊಂದು ಬೋಲ್ಟಿಗೂ 'ಟಕ್' ಎಂದಿತು. ಅಷ್ಟು ಸಮಾಧಾನದ ಸದ್ದನ್ನು ಆ ವರ್ಷ ನಾನು ಕೇಳಿರಲಿಲ್ಲ.

ಟ್ರೇಲರ್ ಜೋಡಿಸಿ, ರಕ್ಷಣೆಯ ಎರಡು ಸರಪಳಿಗಳನ್ನು ನೇರವಾಗಿ ಸಿಕ್ಕಿಸಿದೆ. ಅವನು ಬಿಚ್ಚಿ, ಒಂದರ ಮೇಲೊಂದು ಅಡ್ಡ ಹಾಯಿಸಿ ಹಾಕಿದ.

"ಹೀಗಿದ್ರೆ ಕೊಂಡಿ ಕಳಚಿದ್ರೂ ಮೂತಿ ರಸ್ತೆಗೆ ಬಡಿಯಲ್ಲ, ತೊಟ್ಟಿಲಿಗೆ ಬಿದ್ದ ಹಾಗೆ ಬೀಳುತ್ತೆ. ಬಿಗಿಯಾಗಿ ಇರಬಾರದು. ತಿರುವಿನಲ್ಲಿ ಗಾಡೀನ ಹಿಡಿದೆಳೀಬಾರದು."

ನಾನು ಎದ್ದು ನಿಂತೆ. "ಹೀಗಿರೋಕೆ ನಿಮ್ಮ ಕೈಲಾಗುತ್ತಾ?"

"ಹೇಗೆ?"

"ಹಿಡಿದೆಳೀದೆ. ಬಿದ್ರೆ ಮಾತ್ರ ಹಿಡಿಯೋ ಹಾಗೆ."

ಅವನು ಸರಪಳಿಯನ್ನು ಎತ್ತಿ ಇನ್ನೊಂದಿಷ್ಟು ಸಡಿಲ ಬಿಟ್ಟ. "ಗೊತ್ತಿಲ್ಲ. ಕಲೀತೀನಿ."

ಸುಳ್ಳು ಹೇಳಿದ್ದರೆ 'ಆಗುತ್ತೆ' ಎನ್ನುತ್ತಿದ್ದ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಅಣ್ಣ ಗ್ಯಾರೇಜಿನ ಗೇಟಿಗೆ ಅಡ್ಡ ನಿಂತಿದ್ದ.

"ಏಯ್ ಫಿಟ್ಟರ್, ಬಿಚ್ಚು ಅದನ್ನ!"

"ನಾನು ಹಾಕಿದ್ದಲ್ಲ ಸಾರ್, ನಿಮ್ಮ ತಂಗಿ ಹಾಕಿದ್ದು. ಅವರು ಬಿಗಿದದ್ದನ್ನ ನಾನು ಬಿಚ್ಚಲ್ಲ."

ಅಣ್ಣ ಸ್ಟೀರಿಂಗ್ ಹಿಡಿದು ಕೂತಿದ್ದ ನನ್ನತ್ತ ತಿರುಗಿದ. "ನೀನು ಹೊರಡೋದು ಬೇಡ. ಗಾಡಿ ಹಿಂದೆ ತಗೊ."

ನಾನು ಎಂಜಿನ್ ಚಾಲೂ ಮಾಡಿ ಕಿಟಕಿಯಿಂದ ತಲೆ ಹೊರಹಾಕಿದೆ. "ಟ್ರೇಲರ್ ಕಟ್ಕೊಂಡು ಹಿಂದೆ ಹೋಗೋದು ನಂಗಿನ್ನೂ ಬರಲ್ಲ ಅಣ್ಣಾ. ಮುಂದೆ ಮಾತ್ರ ಬರುತ್ತೆ."

ಗಾಡಿ ಒಂದು ಗೇಣು ಸರಿಯಿತು. ಅಣ್ಣ ಬೈಯುತ್ತಲೇ ಪಕ್ಕಕ್ಕೆ ಸರಿದ.

ಫಿಟ್ಟರ್ ಕಿಟಕಿಯ ಜೊತೆಜೊತೆಗೇ ನಡೆದ, ಕೈಯಲ್ಲಿ ಪಾನಾ. "ಸ್ವಲ್ಪ ದೂರ ಓಡಿದ ಮೇಲೆ ಬೋಲ್ಟೆಲ್ಲ ಇನ್ನೊಂದ್ಸಲ ಬಿಗಿ ನೋಡಬೇಕು ಡಾಕ್ಟ್ರೇ."

"ಅದಕ್ಕೆ ಬರ್ತೀನಿ ಅಂತೀರಾ?"

"ಹಲ್ಲೂ ತೋರಿಸಬೇಕು."

"ಇನ್ನೇನಾದ್ರೂ?"

ತುಟಿ ಬಿಗಿಯಾದವು. ಕಣ್ಣು ಹೇಳುತ್ತಿದ್ದವು. ನನಗೆ ಸಾಲಲಿಲ್ಲ.

"ಬಾಯಿ ತೆಗೆದು ಹೇಳಿ."

"ನೀವಂದ್ರೆ ಇಷ್ಟ," ಎಂದ, ಅಣ್ಣನಿಗೂ ಬೀದಿಗೂ ಕೇಳುವಂತೆ. ಮುರಿದ ಹಲ್ಲಿನ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕಿತು. ಈ ಸಲ ಅವನ ಕೈ ಬಾಯಿಗೆ ಹೋಗಲಿಲ್ಲ.

ಕೈ ಚಾಚಿ ಎಡಗಡೆಯ ಬಾಗಿಲು ತೆರೆದೆ. ಆ ಹಲ್ಲು ಸರಿಮಾಡಲು ನನಗೇನೂ ಅವಸರವಿರಲಿಲ್ಲ.