ಹಗ್ಗದ ಮೇಲ್ತುದಿ

"ಬಾಯಿ ತೆಗೀರಿ," ಎಂದಳು ಹಲ್ಲಿನ ಆಸ್ಪತ್ರೆಯ ನರ್ಸ್.

ಕುರ್ಚಿಯಲ್ಲಿ ಒರಗಿದ್ದವನು ಬಾಯಿ ತೆಗೆಯಲಿಲ್ಲ. ಕಣ್ಣು ತೆಗೆದ!

ಅವನೇ... ಕೆನ್ನೆ ಊದಿಸಿಕೊಂಡು, ಕಿಡಿ ಹಾರಿ ತೂತುಬಿದ್ದ ಅಂಗಿಯಲ್ಲೇ ಬಂದಿದ್ದ ವೆಲ್ಡರ್. ಒಂದು ಕಾಲಕ್ಕೆ ಇವನ ಬೈಕಿನ ಸದ್ದು ಕೇಳಿದರೂ ಅವಳೆದೆ ಡವಡವ ಅನ್ನುತ್ತಿತ್ತು. ಈಗ ನೋಡಿದರೆ ಏನೂ ಇಲ್ಲ. ಗೋಡೆ ನೋಡಿದ ಹಾಗೆ.

ಡಾಕ್ಟರಮ್ಮ ವಸಡಿಗೆ ಸೂಜಿ ಚುಚ್ಚಿ, "ಮರಗಟ್ಟಲಿ, ಬರ್ತೀನಿ" ಎಂದು ಪಕ್ಕದ ಕೋಣೆಗೆ ಹೋದರು. ಅವಳು ಟ್ರೇಯಲ್ಲಿ ಹತ್ತಿ ಉಂಡೆ ಜೋಡಿಸತೊಡಗಿದಳು.

"ಮದ್ವೆ ಅಂತೆ?" ಅರ್ಧ ತುಟಿ ಆಗಲೇ ಅವನ ಮಾತು ಕೇಳುತ್ತಿರಲಿಲ್ಲ.

"ಹುಡುಗ ಬ್ಯಾಂಕಲ್ಲಿದ್ದಾರೆ. ಸೋಮವಾರ ನಾನು ಹೂಂ ಅಂದ್ರೆ ಮುಗೀತು."

"ಇಷ್ಟನಾ?"

"ಬೇಡ ಅನ್ನೋಕೆ ಕಾರಣ ಇಲ್ಲ."

"ಅದೇ ಅಂದ್ಕೊಂಡೆ! ಶಾಲೆ ಬಿಟ್ಟೋನು, ಕಬ್ಬಿಣ ಸುಡೋನು ಯಾರಿಗೆ ಬೇಕು! ಮುಖಕ್ಕೆ ಹೇಳ್ಬಹುದಿತ್ತಲ್ಲೇ... ಫೋನೂ ಎತ್ತದೆ ಯಾಕೆ ಸಾಯಿಸಿದೆ?"

ಎಂಜಲು ಗಲ್ಲಕ್ಕಿಳಿಯಿತು. ಅವಳು ಒರೆಸಿದಳು. ಯಾರದೇ ಆಗಿದ್ದರೂ ಹಾಗೇ ಒರೆಸುತ್ತಿದ್ದಳು.

"ಆವತ್ತು ನೀನು ಕೂಗಲಿಲ್ಲ," ಎಂದಳು.

"ಯಾವತ್ತು?"

ನೋಡಿ, ಮರೆತವನಿಗೆ ಎಷ್ಟು ಸಲೀಸು! ಯಾವತ್ತು ಅಂತೆ!

ಇಬ್ಬರೂ ಗುಹೆ ಇಳಿಯುವ ಕ್ಲಬ್ಬಿನವರು. ಭಾನುವಾರ ಬಂತೆಂದರೆ ಹೆಲ್ಮೆಟ್ಟಿಗೆ ದೀಪ ಸಿಕ್ಕಿಸಿಕೊಂಡು, ಬಾವಿಯಂತೆ ನೆಟ್ಟಗೆ ನೆಲದೊಳಕ್ಕೆ ಹೋಗುವ ಗುಂಡಿಗಳಿಗೆ ಹಗ್ಗ ಬಿಟ್ಟು ಇಳಿಯುವವರು. ಅಲ್ಲಿ ಎಲ್ಲಕ್ಕಿಂತ ದೊಡ್ಡ ನೇಮ ಒಂದೇ. ತಳ ಮುಟ್ಟಿ ಹಗ್ಗ ಬಿಚ್ಚಿಕೊಂಡವರು "ಹಗ್ಗ ಖಾಲಿ!" ಎಂದು ಕೂಗಬೇಕು. ಕೂಗು ಬರುವವರೆಗೆ ಮೇಲಿದ್ದವರು ಹಗ್ಗ ಮುಟ್ಟುವ ಹಾಗಿಲ್ಲ.

ಆವತ್ತು ತಳದಲ್ಲಿ ಅವನಿಗೆ ಹೊಸ ದಾರಿಯೊಂದು ಕಂಡಿತ್ತು. ಕೂಗುವುದನ್ನೇ ಮರೆತು ತೆವಳಿಕೊಂಡು ಹೋಗಿಬಿಟ್ಟ. ಮೇಲೆ ಇವಳೊಬ್ಬಳೇ. ಹಗ್ಗ ಸಡಿಲ. ಕರೆದರೆ ಉತ್ತರವಿಲ್ಲ. ದೂರದಲ್ಲಿ ವ್ಯಾನಿನ ಹತ್ತಿರ ಇದ್ದವರನ್ನು ಕರೆತರೋಣವೆಂದರೆ, ಅಷ್ಟರಲ್ಲೇ ಅವನು ಕೂಗಿದರೆ? ಬಿಸಿಲು ಗುಂಡಿಯ ಈ ಅಂಚಿನಿಂದ ಆ ಅಂಚಿಗೆ ಸರಿಯಿತು. ಅಷ್ಟರಲ್ಲಿ ಅವಳು ಮನಸ್ಸಿನಲ್ಲೇ ಅವನನ್ನು ಮಣ್ಣು ಮಾಡಿ ಮುಗಿಸಿದ್ದಳು. ಅವನ ಅಕ್ಕನಿಗೆ ಯಾವ ಬಾಯಲ್ಲಿ ಹೇಳುವುದೆಂದೂ ಯೋಚಿಸಿದ್ದಳು.

ಆಮೇಲೆ ಹಲ್ಲು ಕಿರಿಯುತ್ತಾ ಮೇಲೆ ಬಂದ. "ದೊಡ್ಡ ಕೋಣೆ ಸಿಕ್ತು ಕಣೇ ಗುಬ್ಬಿ!"

ಅವಳು ನೀರಿನ ಬಾಟಲಿ ಕೊಟ್ಟಳು. ಹಗ್ಗ ಸುತ್ತಿದಳು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಆವತ್ತಿನಿಂದ ಏನೂ ಬಂದಿಲ್ಲ.

ಇಷ್ಟನ್ನೂ ಅವಳು ಬಸ್ಸಿನ ಸಮಯ ಹೇಳುವವಳಂತೆ ಹೇಳಿ ಮುಗಿಸಿದಳು.

ಡಾಕ್ಟರಮ್ಮ ಬಂದು ಹಲ್ಲು ಕಿತ್ತರು. ಅವನ ಕಣ್ಣಿಂದ ನೀರು ಧಾರೆಯಾಗಿ ಕಿವಿಗೆ ಇಳಿಯುತ್ತಿತ್ತು.

"ಏನ್ರೀ, ಇಷ್ಟು ಮರಗಟ್ಟಿಸಿದ್ರೂ ನೋವಾ?"

ಅವನು ಹೌದೆಂದು ತಲೆಯಾಡಿಸಿದ.

ಹೊರಡುವಾಗ ಬಾಗಿಲಲ್ಲಿ ನಿಂತು, ಹತ್ತಿ ಕಚ್ಚಿಕೊಂಡೇ ತೊದಲಿದ. "ಭಾನುವಾರ ಬಾ. ನೀನು ಇಳಿ. ಮೇಲೆ ನಾನೊಬ್ಬನೇ ನಿಂತಿರ್ತೀನಿ. ನಿಂಗೆ ಸಾಕು ಅನ್ಸೋವರೆಗೂ ಕೂಗ್ಬೇಡ."

"ಅದರಿಂದ ಏನಾಗುತ್ತೆ?"

"ಗೊತ್ತಿಲ್ಲ. ನಿಂಗೆ ಮಾಡಿದ್ದು ನಂಗೂ ಆಗ್ಲಿ."

ಹೋದಳು. ಪ್ರೀತಿಯಿಂದೇನಲ್ಲ. ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಕೂತು ಬ್ಯಾಂಕಿನವರ ಗುಣಗಾನ ಶುರು ಮಾಡಿದ್ದರು, ಅದಕ್ಕಿಂತ ಗುಂಡಿಯೇ ವಾಸಿ ಅನ್ನಿಸಿತ್ತು.

ಕೈಗಳಿಗೆ ಎಲ್ಲ ನೆನಪಿತ್ತು. ಒದ್ದೆ ಗೋಡೆಗೆ ಕಾಲೂರುತ್ತಾ ಇಳಿದಳು. ಮೇಲಿನ ಬೆಳಕು ತಟ್ಟೆಯಷ್ಟಾಯಿತು, ಬಟ್ಟಲಷ್ಟಾಯಿತು. ತಳ ಮುಟ್ಟಿ, ಹಗ್ಗ ಬಿಚ್ಚಿ, ಕಲ್ಲಿನ ಮೇಲೆ ಕೂತು ಸುಮ್ಮನಾದಳು.

"ಗುಬ್ಬೀ..."

ಒಂದು ಹನಿ ಹೆಲ್ಮೆಟ್ಟಿನ ಮೇಲೆ ಟಪ್ಪೆಂದಿತು. ಇನ್ನೊಂದು.

'ಕಾಯಲಿ,' ಅಂದುಕೊಂಡಳು. ಅಂದುಕೊಂಡರೂ ಖುಷಿಯಾಗಲಿಲ್ಲ.

"ಲೇ ಗುಬ್ಬಿ! ಬೇಕಂತಲೇ ಸುಮ್ನಿದ್ದೀಯ, ಗೊತ್ತು... ಪರವಾಗಿಲ್ಲ, ಕೂತ್ಕೋ!"

ಹನಿಗಳು ಬೀಳುತ್ತಲೇ ಇದ್ದವು. ಆಮೇಲೆ ಬಂದ ದನಿ ಬೇರೆಯಾಗಿತ್ತು.

"ಬೇಕಂತಲೇ ತಾನೇ?... ಕಲ್ಲು ಗಿಲ್ಲು ಬಿತ್ತೇನೇ? ಒಂದೇ ಒಂದ್ಸಲ ಕೆಮ್ಮು... ಕೂಗ್ಬೇಡ, ಕೆಮ್ಮು ಸಾಕು!"

ಅವನು ಅಳುತ್ತಿದ್ದ. ಗುಂಡಿ ಅವನ ಅಳುವನ್ನು ಮುದ್ದೆ ಮಾಡಿ ಕೆಳಗೆ ಹಾಕುತ್ತಿತ್ತು. ಅವಳು ಬರೀ ಕೇಳಿಸಿಕೊಂಡಳು.

ಅಷ್ಟರಲ್ಲಿ ಎದುರಿಗೇ ಬಿದ್ದಿದ್ದ ಹಗ್ಗದ ತುದಿ ಮಿಸುಕಿತು.

ಅಯ್ಯೋ! ಕೂಗು ಬರುವ ಮೊದಲೇ ಹಗ್ಗ ಹಿಡಿದು ಇಳಿಯಲು ಹೊರಟಿದ್ದಾನೆ! ಸೊಂಟಪಟ್ಟಿಯನ್ನು ಹಗ್ಗಕ್ಕೆ ಸಿಕ್ಕಿಸುವ ಕೊಂಡಿಯನ್ನು ಎರಡೆರಡು ಸಲ ನೋಡಿಕೊಳ್ಳುವ ಮನುಷ್ಯ, ಹೀಗೆ ಅಳುತ್ತಾ ಏನು ನೋಡಿಕೊಂಡಿರುತ್ತಾನೆ?

ಅವಳು ದಡಕ್ಕನೆ ಎದ್ದು ನಿಂತಳು. ಎಷ್ಟು ದಿನದಿಂದ ಬಾರದ ಹೆದರಿಕೆ ಒಂದೇ ಏಟಿಗೆ ಬಂತು!

"ಮುಟ್ಠಾಳ! ಬದುಕಿದ್ದೀನಿ ಕಣೋ! ಹಗ್ಗ ಖಾಲಿ! ಕೊಂಡಿ ನೋಡ್ಕೋ ಮೊದ್ಲು! ನೋಡ್ಕೊಂಡ್ಯಾ?"

ಮೇಲಿಂದ ಕೊಂಡಿ ಕ್ಲಿಕ್ಕೆಂದ ಸದ್ದು ಬಂತು.

"...ಹಾಕಿರ್ಲಿಲ್ಲ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಇಳಿದು ಮುಗಿಸುವವರೆಗೂ ಬೈದಳು. ಅವನ ಹೆಸರು ಹಿಡಿದು, ವೆಲ್ಡಿಂಗ್ ಶೆಡ್ಡು ಹಿಡಿದು, ಅವನು ಹುಟ್ಟಿದ ಗಳಿಗೆ ಹಿಡಿದು ಬೈದಳು. ಅವನ ಕಾಲು ನೆಲ ಮುಟ್ಟಿದ್ದೇ ತಡ, ಕೊರಳಪಟ್ಟಿ ಹಿಡಿದು ಎದೆಗೆ ಗುದ್ದಿದಳು.

"ನೀನು ಬಿದ್ದಿದ್ರೆ ನಾನೇನೋ ಮಾಡ್ಬೇಕಿತ್ತು? ಹೇಳೋ!"

"ನಂಗೆ ಗೊತ್ತೇ ಇರ್ಲಿಲ್ಲ ಕಣೇ... ಮೇಲೆ ನಿಲ್ಲೋದು ಹೀಗಿರುತ್ತೆ ಅಂತ." ಅವನ ಹಲ್ಲುಗಳು ಇನ್ನೂ ಕಟಕಟ ಅನ್ನುತ್ತಿದ್ದವು. "ತಪ್ಪಾಯ್ತು."

"ದೀಪ ಆರಿಸು. ಕಣ್ಣಿಗೆ ಹೊಡೀತಿದೆ."

ಆರಿಸಿದ. ಅವಳೂ ಆರಿಸಿದಳು. ಕತ್ತಲಲ್ಲಿ ಅವನ ಕೆಸರುಗೈಯನ್ನು ಹುಡುಕಿ ಹಿಡಿದಳು. ಬಿಸಿಯಾಗಿತ್ತು.

"ಮದ್ವೆ ಬೇಡ ಅಂತ ನಾಳೆ ಅಮ್ಮಂಗೆ ಹೇಳ್ತೀನಿ."

ಅವನು ತಡೆದು ತಡೆದು ಕೇಳಿದ. "ಯಾವ ಮದ್ವೆನೂ ಬೇಡ್ವಾ?"

"ಆ ಮದ್ವೆ ಕಣೋ, ಪೆದ್ದ."