ನಾಲ್ಕನೆಯ ವಾಸನೆ

ಡಾಕ್ಟರ್ ನಸೀಮಾ ಕಿತ್ತೂರ ತಮ್ಮ ಯಂತ್ರ ಘ್ರಾಣಿಯನ್ನು ವಾಷಿಂಗ್ ಮಷೀನಿನ ಬೆನ್ನಿಗೆ ತಾಗಿಸಿಟ್ಟು ಗುಂಡಿ ಒತ್ತಿದರು. ಮುಂದೆ ಎರಡು ತೂತುಗಳಿದ್ದ ಆ ಪುಟ್ಟ ಡಬ್ಬಿ, ಮಲಗಿದ ಬೆಕ್ಕಿನಂತೆ ಮೆಲ್ಲಗೆ ಗಾಳಿ ಎಳೆದುಕೊಳ್ಳತೊಡಗಿತು. ಹುಬ್ಬಳ್ಳಿಯ ಆ ಮೂರನೇ ಮಹಡಿಯ ಬಚ್ಚಲುಮನೆಯಲ್ಲಿ ಸುಟ್ಟ ವಾಸನೆ ಇನ್ನೂ ದಟ್ಟವಾಗಿ ತುಂಬಿತ್ತು. ಪ್ಲಗ್ ಕಿತ್ತಾಗಿತ್ತು. ಮಷೀನಿನ ಹೊಟ್ಟೆಯಲ್ಲಿ ಅರ್ಧ ತೊಳೆದ ಕೌದಿಯೊಂದು ನೀರು ಕುಡಿದು ಬಿದ್ದಿತ್ತು.

"ಒಂದನೇದು ರಬ್ಬರ್," ಎಂದಿತು ಘ್ರಾಣಿ. "ಬೆಲ್ಟ್ ಜಾರಿ ಸುಟ್ಟೈತಿ."

ಹೊರಗಿನ ಕೋಣೆಯಿಂದ ಮನೆಯ ಹಿರಿಯ ಫಕೀರಪ್ಪನ ದನಿ ಬಂತು. "ಯಾವ ಊರಿಂದಬೇ ಇದು? ಬಸ್ ಸ್ಟ್ಯಾಂಡಿನ್ಯಾಗ ಒದರಿದಂಗ ಒದರ್ತೈತಿ."

"ನಿಮ್ಮ ಊರಿಂದ ರೀ ಕಾಕಾರ," ನಸೀಮಾ ಇಲ್ಲಿಂದಲೇ ಕೂಗಿ ಹೇಳಿದರು. "ಮದಲ ಪುಸ್ತಕದ ಮಾತು ಕಲಿಸಿದ್ದೆ. ಮಂದಿ ನಕ್ಕು ಓಡಿಸಿದ್ರು."

ಬಾಗಿಲಲ್ಲಿ ನಿಂತಿದ್ದ ಮಗ ಸಮರ್ಥ ನಕ್ಕ. ಅವನ ಹೆಂಡತಿ ದಿವಿಜಾ ನಗಲಿಲ್ಲ. ಅವಳು ಆ ಡಬ್ಬಿಯ ತೂತುಗಳನ್ನೇ ನೋಡುತ್ತಿದ್ದಳು.

ನಾಯಿಯ ಮೂಗಿನೊಳಗೆ ವಾಸನೆ ಹಿಡಿಯುವ ಸಣ್ಣ ಕೊಂಡಿಗಳಿರುತ್ತವೆ. ಒಂದೊಂದು ಕೊಂಡಿಗೆ ಒಂದೊಂದು ಬಗೆಯ ಕಣವೇ ಸಿಕ್ಕಿಕೊಳ್ಳುವುದು. ಅಂಥ ಕೊಂಡಿಗಳನ್ನು ಧಾರವಾಡದ ಪ್ರಯೋಗಾಲಯದಲ್ಲಿ ಬೆಳೆಸಿ, ಈರುಳ್ಳಿ ಪೊರೆಯಂಥ ಹಾಳೆಗೆ ಅಂಟಿಸಿ, ಸಿಕ್ಕ ಕಣ ಯಾವುದೆಂದು ವಿದ್ಯುತ್ತಿನಿಂದ ಓದುವ ಹಾಗೆ ಮಾಡಿದ್ದರು ನಸೀಮಾ. ಮನೆಯಲ್ಲಿ ಏನೇ ಸುಟ್ಟ ವಾಸನೆ ಬಂದರೂ ಘ್ರಾಣಿ ಅದನ್ನು ಎಳೆ ಎಳೆಯಾಗಿ ಬಿಡಿಸಿ, ಘಾಟು ಹೆಚ್ಚಿದ್ದನ್ನು ಮೊದಲು, ಕಡಿಮೆಯದನ್ನು ಆಮೇಲೆ ಹೇಳುತ್ತಿತ್ತು. ಪರೀಕ್ಷೆಗೆಂದು ಅವರು ಊರಿನವರನ್ನು ಕೇಳಿಕೊಂಡಿದ್ದರು: ಮನೆಯಲ್ಲಿ ಸುಟ್ಟ ವಾಸನೆ ಬಂದರೆ ಮೊದಲು ಕರೆಂಟು ತೆಗೀರಿ, ಆಮೇಲೆ ನನ್ನನ್ನು ಕರೀರಿ.

ಸಮರ್ಥ ಕರೆದಿದ್ದ. ಈ ದಿನಗಳಲ್ಲಿ ಅಂಥ ಕರೆಗಳಿಗೆ ಬರವಿರಲಿಲ್ಲ. ದಸರೆಯ ಮಾನವಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆಯಬೇಕು. ಇಲ್ಲವಾದರೆ ಹಬ್ಬ ಒಳಗೆ ಬರುವುದಿಲ್ಲ. ಹಿಂದೆ ಗಾಡಿ ಕಟ್ಟಿ ಹಳ್ಳಕ್ಕೆ ಒಯ್ಯುತ್ತಿದ್ದರು. ಈಗ ಹಳ್ಳದಲ್ಲಿ ನೀರಿಲ್ಲ, ಮನೆಯಲ್ಲಿ ಮಷೀನಿದೆ. ಹಳೆಯ ಸೀರೆಗಳನ್ನು ಪದರದ ಮೇಲೆ ಪದರ ಹೊಲಿದ ಕೌದಿ, ಒಣಗಿದ್ದಾಗ ಕೂಸಿನಂತೆ ಹಗುರ, ನೆನೆದರೆ ಕೋಣ. ಆ ಕೋಣವನ್ನು ಸುತ್ತು ಹೊಡೆಸಲಾರದೆ ಊರ ತುಂಬ ಬೆಲ್ಟುಗಳು ಸುಡುತ್ತಿದ್ದವು.

"ಎರಡನೇದು ಅರಗು. ಮೋಟರಿನ ತಂತಿಗೆ ಬಳಿದಿದ್ದು ಬಿಸಿಯಾಗೈತಿ. ಇನ್ನೂ ಸುಟ್ಟಿಲ್ಲ."

"ಅಂದ್ರ ಮೋಟರ್ ಉಳೀತು," ಎಂದ ಸಮರ್ಥ. "ನಾ ಹೇಳಿದ್ದೆ ಇಲ್ಲೋ, ಕೌದಿ ಮಷೀನಿಗೆ ಹಾಕಬ್ಯಾಡ ಅಂತ? ಹಬ್ಬಕ್ಕ ಇನ್ನೂ ಟೈಮ್ ಐತಿ. ಏನ್ ಅವಸರ ಬಿದ್ದಿತ್ತು ನಿನಗ?"

"ಬಿಸಿಲ ಛಲೋ ಬಿದ್ದಿತ್ತು. ಹಾಕಿದೆ," ಎಂದಳು ದಿವಿಜಾ.

ಹಬ್ಬವೂ ಬಿಸಿಲೂ ನೆಪ. ಮಳೆಗಾಲ ಹಿಡಿದಾಗಿನಿಂದ ಆ ಕೌದಿ ದಿನ ಬಿಟ್ಟು ದಿನ ಮಷೀನು ಸೇರುತ್ತಿತ್ತು. ಅದು ಮಾವನ ಹಾಸಿಗೆಯ ಮೇಲಿನದು. ಅತ್ತೆ ತೀರಿಕೊಳ್ಳುವ ಮುಂಚೆ ತನ್ನ ಸೀರೆಗಳನ್ನೇ ಸೇರಿಸಿ ಹೊಲಿದಿದ್ದು. ಬೇರೆ ಏನು ಹಾಸಿದರೂ ಫಕೀರಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ದಿವಿಜಾ ಚಹಾ ಒಯ್ದಾಗ ಮುದುಕ ಒದ್ದೆ ಕೌದಿಯನ್ನು ಸುರುಳಿ ಸುತ್ತಿ ಮಂಚದ ಕೆಳಗೆ ತುರುಕುತ್ತಿದ್ದ. ಇಡೀ ಬಸ್ಸನ್ನು ಒಂದೇ ಬೈಗುಳದಲ್ಲಿ ಸುಮ್ಮನಾಗಿಸುತ್ತಿದ್ದ ಡ್ರೈವರ್ ಅವನು. ಆವತ್ತು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವಳು ಚಹಾ ಇಟ್ಟಳು, ಕೌದಿ ಎತ್ತಿಕೊಂಡಳು, ಹೊರಟಳು. ಅವನೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆವತ್ತಿನಿಂದ ಸಮರ್ಥ ಕೆಲಸಕ್ಕೆ ಹೋದ ಮೇಲೆ ಅವಳು ಕೈಯಿಂದ ಸಾಬೂನು ಉಜ್ಜಿ ಮಷೀನಿಗೆ ಹಾಕುವುದು, ಅವನು ಬರುವಷ್ಟರಲ್ಲಿ ಒಣಗಿಸುವುದು. ಇವತ್ತು ರಜೆ, ಸಮರ್ಥ ಮನೆಯಲ್ಲೇ ಇದ್ದ. ಕೌದಿ ಮಾತ್ರ ರಜೆ ನೋಡಲಿಲ್ಲ.

ಮಗನಿಗೆ ಗೊತ್ತಾದರೆ ಮುದುಕ ಬದುಕುವುದಿಲ್ಲ ಎಂದು ಅವಳಿಗೆ ಅನಿಸಿತ್ತು. ಈಗಾಗಲೇ ಸಂಜೆಯ ಮೇಲೆ ನೀರು ಕುಡಿಯುವುದನ್ನು ಬಿಟ್ಟಿದ್ದ. ತುಟಿಗಳು ಒಡೆದಿದ್ದವು.

"ಮೂರನೇದು ಹಳೇ ಹತ್ತಿ ಅರಿವಿ, ಸಾಬೂನು."

ದಿವಿಜಾ ಡಬ್ಬಿಯ ಹತ್ತಿರ ಸರಿದಳು. ಘ್ರಾಣಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸುಳ್ಳು ಬಾರದವರ ಜೊತೆ ಸಂಸಾರ ಮಾಡುವುದು ಬೆಂಕಿಯ ಜೊತೆ ಮಾಡಿದ ಹಾಗೆ.

"ನಾಲ್ಕನೇದು..."

ಅವಳು ಬಗ್ಗಿ ಎರಡೂ ಅಂಗೈಗಳಿಂದ ಆ ತೂತುಗಳನ್ನು ಮುಚ್ಚಿದಳು. ಘ್ರಾಣಿ ಉಸಿರು ಸಿಕ್ಕಿಕೊಂಡು ಸುಮ್ಮನಾಯಿತು.

"ಏ, ಏನ್ ಮಾಡಾಕತ್ತಿ?" ಎಂದ ಸಮರ್ಥ.

"ಸಾಕಾತಲ್ಲ. ಬೆಲ್ಟ್ ಅಂತ ಗೊತ್ತಾತಲ್ಲ," ಎಂದಳು. "ಬೆಲ್ಟ್ ಹಾಕಿಸಿದ್ರ ಮುಗೀತು. ಹೌದಲ್ರೀ ಮೇಡಮ್?"

ನಸೀಮಾ ತಮ್ಮ ಕೈಯಲ್ಲಿದ್ದ ಪುಟ್ಟ ಪರದೆಯನ್ನು ನೋಡಿದರು. ಘ್ರಾಣಿ ಬಾಯಿ ಬಿಡುವ ಮೊದಲೇ ಎಲ್ಲವೂ ಅಲ್ಲಿ ಮೂಡಿತ್ತು. ಅವರು ಒಮ್ಮೆ ಕೌದಿಯನ್ನು, ಒಮ್ಮೆ ಆ ಹುಡುಗಿಯ ಕೈಗಳನ್ನು ನೋಡಿದರು. ಇಷ್ಟು ವರ್ಷ ವಾಸನೆ ಹಿಡಿಯುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದರೇ ಹೊರತು, ಹಿಡಿದದ್ದನ್ನು ಯಾರ ಎದುರು ಹೇಳಬೇಕೆಂದು ಯೋಚಿಸಿರಲಿಲ್ಲ.

"ಮಷೀನಿಗೆ ಅಷ್ಟ ಸಾಕು ತಂಗಿ," ಎಂದರು ಮೆಲ್ಲಗೆ. ಪರದೆಯನ್ನು ಮಗುಚಿ ಹಿಡಿದು, "ಆದ್ರ ಮನಿಗೆ ಸಾಕಾಗೂದಿಲ್ಲ. ನಿನ್ನ ಜೋಡಿ ಹೊರಗ ಮಾತಾಡ್ತೀನಿ, ಬಾ," ಎಂದರು.

"ಹೊರಗ ಯಾಕ?"

ಫಕೀರಪ್ಪ ಬಚ್ಚಲ ಬಾಗಿಲಿಗೆ ಬಂದಿದ್ದ. ಗೋಡೆ ಹಿಡಿದು, ಪಂಚೆಯ ಅಂಚನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದ.

"ಕೈ ತಗಿ ಯವ್ವಾ."

"ಮಾವಾರ, ನೀವು ಒಳಗ ಕುಂದರ್ರಿ. ಏನಿಲ್ಲ ಇಲ್ಲಿ."

"ಎಷ್ಟ್ ದಿನ ಮುಚ್ಚತಿ? ಕೈ ನೋಡಿಕೋ ನಿಂದು, ಸಾಬೂನಿಗೆ ಹೆಂಗ ಸುಲದಾವು. ತಗಿ. ಅದು ಏನ್ ಒದರ್ತೈತಿ ಒದರಲಿ."

ದಿವಿಜಾ ನಸೀಮಾರನ್ನು ನೋಡಿದಳು. ನಸೀಮಾ ಒಂದು ಹೆಜ್ಜೆ ಹಿಂದೆ ಸರಿದರು. ಅದು ಅವರು ಹೇಳಬೇಕಾದ ಮಾತಾಗಿರಲಿಲ್ಲ. ಅವಳು ಒಂದೊಂದೇ ಬೆರಳು ಸಡಿಲಿಸಿದಳು. ಘ್ರಾಣಿ ಉಸಿರೆಳೆದುಕೊಂಡು, ಬಿಟ್ಟಲ್ಲಿಂದಲೇ ಶುರುಮಾಡಿತು.

"ನಾಲ್ಕನೇದು ಮೂತ್ರ. ವಯಸ್ಸಾದ ಗಂಡಸಿಂದು. ಅದರಾಗ ಸೋಂಕಿನ ವಾಸನಿ ಐತಿ. ಬಾಳ ದಿನದ್ದು. ಡಾಕ್ಟರಿಗೆ ತೋರಸ್ರಿ."

ಫಕೀರಪ್ಪ ಮಗನ ಮುಖ ನೋಡಲಿಲ್ಲ. ಮಷೀನಿನ ಕಾಲುಗಳನ್ನು ನೋಡುತ್ತ ಕೇಳಿದ, "ಸೋಂಕಂದ್ರ? ಮುಪ್ಪು ಅಲ್ಲೇನ್ರಿ ಇದು?"

"ಮುಪ್ಪಿಗೆ ಬ್ಯಾರೆ ವಾಸನಿ ಇರ್ತೈತ್ರಿ ಕಾಕಾರ," ಎಂದರು ನಸೀಮಾ. "ಇದಕ್ಕ ಗುಳಿಗಿ ಐತಿ. ಡಾಕ್ಟರು ನೋಡಿ ಹೇಳ್ತಾರ. ಮಂದಿ ಮುಪ್ಪು ಅಂದಕೊಂಡು ಸುಮ್ಮಕಿರ್ತಾರ, ಅದು ಒಳಗೊಳಗ ಏರ್ತೈತಿ. ನೀರು ಬಿಟ್ಟೀರೇನು?"

ಮುದುಕ ಒಡೆದ ತುಟಿ ಒರೆಸಿಕೊಂಡ.

"ಬಿಟ್ಟಾನ್ರಿ," ಎಂದ ಸಮರ್ಥ. "ಸಂಜಿ ಮ್ಯಾಲ ಮುಟ್ಟೂದಿಲ್ಲ."

ಫಕೀರಪ್ಪ ಈಗ ತಲೆ ಎತ್ತಿದ. "ನಿನಗ ಗೊತ್ತಿತ್ತೇನು?"

"ನಾನೂ ಇದ ಮನ್ಯಾಗ ಮಲಗ್ತೀನಲ್ಲಪಾ. ಮೂಗು ಐತಲ್ಲ ನನಗೂ."

"ಮತ್ತ ಸುಮ್ಮಕಿದ್ದಿ?"

"ನೀ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಿ. ಇಕಿ ಅಷ್ಟು ಕಷ್ಟಪಟ್ಟು ತೊಳೀತಿದ್ಲು. ನಡುವ ನಾ ಬಾಯಿ ಹಾಕಿದ್ರ ಇಬ್ಬರಿಗೂ ಅವಮಾನ ಆಗ್ತಿತ್ತು," ಎಂದ ಸಮರ್ಥ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಅವಸರ ಏನಿತ್ತು ಅಂತ ಕೇಳಿದ್ದು, ಮೇಡಮ್ ಎದುರಿಗೆ ಗೊತ್ತಿಲ್ಲದವನಂಗ ಇರಬೇಕಲ್ಲ ಅಂತ. ಸಿಟ್ಟಾಗಬ್ಯಾಡ."

ದಿವಿಜಾ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಫಕೀರಪ್ಪ ಗೋಡೆ ಬಿಟ್ಟು ಸೊಸೆಯ ತಲೆಯ ಮೇಲೆ ಕೈಯಿಟ್ಟ.

"ಏಳವ್ವ. ಒಂದ್ ತಂಬಗಿ ನೀರು ಕೊಡು. ದವಾಖಾನಿಗೆ ಒಣ ಗಂಟಲಿಟ್ಟಕೊಂಡು ಹೋಗಲೇನು?"

ಗುಳಿಗೆಗಳು ಕೆಲಸ ಮಾಡಿದವು. ನಸೀಮಾ ಧಾರವಾಡಕ್ಕೆ ಮರಳಿ ಘ್ರಾಣಿಯನ್ನು ಮತ್ತೆ ಬಿಚ್ಚಿದರು. ಅದು ಈಗ ಎಷ್ಟೋ ಮನೆಗಳಲ್ಲಿದೆ. ಮನುಷ್ಯರ ಮೈಯ ವಾಸನೆ ಸಿಕ್ಕಿತೆಂದರೆ ಒಮ್ಮೆಲೇ ಒದರುವುದಿಲ್ಲ. ಮೊದಲು, "ಇದನ್ನ ಯಾರಿಗೆ ಹೇಳ್ಲಿ?" ಎಂದು ಕೇಳುತ್ತದೆ.

ಅವರ ಸಂಸ್ಥೆಯವರು ಇದನ್ನು ದೊಡ್ಡ ಸುಧಾರಣೆ ಎಂದು ಹೊಗಳಿದರು. ಸಭೆಯಲ್ಲಿ ನಸೀಮಾ ಹೊಗಳಿಕೆ ಕೇಳುತ್ತ ಕೂತಿದ್ದರು, ಮನಸ್ಸು ಆ ಬಚ್ಚಲಲ್ಲಿತ್ತು. ತಮ್ಮ ಯಂತ್ರ ಅಲ್ಲಿ ಹೊಸದೇನನ್ನು ಕಂಡುಹಿಡಿದಿತ್ತು? ರೋಗದ ಹೆಸರೊಂದು ಬಿಟ್ಟರೆ ಉಳಿದದ್ದೆಲ್ಲ ಮೂರು ಮೂಗುಗಳಿಗೆ ಮೊದಲೇ ಗೊತ್ತಿತ್ತು. ಆ ಹೆಸರೂ ಸಿಗುತ್ತಿತ್ತು, ಯಾರಾದರೊಬ್ಬರು ಬಾಯಿ ಬಿಟ್ಟಿದ್ದರೆ. ಒಬ್ಬರನ್ನೊಬ್ಬರು ಕಾಯುತ್ತ ಅವರು ಒಂದು ಮಳೆಗಾಲ ಕಳೆದಿದ್ದರು.

ಇದು ಮುಂದೆಂದೋ ನಡೆಯುವ ಕಥೆ; ನಮ್ಮ ಮನೆಗಳಿಗೆ ಘ್ರಾಣಿ ಬರಲು ಇನ್ನೂ ದಶಕಗಳಿವೆ. ಅಲ್ಲಿಯವರೆಗೆ ಪ್ರತಿ ಮನೆಯಲ್ಲೂ ಹಾಸಿಗೆ ತೊಳೆಯುವವರು ಯಾರೋ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಎಲ್ಲವೂ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.