ಎಮ್ಲಿನ್ ಪ್ರೋಸರನ ಮೊದಲ ಪುಟ

“ಸಹಿ ಅವನದ್ದೇ ಕಣ್ರೀ. ನಲವತ್ತು ವರ್ಷ ನೋಡಿದ ಸಹಿ. ಅದಕ್ಕೇ ನನಗೆ ನಿದ್ದೆ ಇಲ್ಲ,” ಎಂದು ನೊರೀನ್ ಪ್ರೋಸರ್ ಪತ್ರವನ್ನು ಮೇಜಿನ ಮೇಲಿಟ್ಟು, ಅದು ಸುಡುತ್ತದೇನೋ ಎಂಬಂತೆ ಕೈ ಹಿಂದೆಳೆದುಕೊಂಡರು.

ಮೇಜಿನ ಆಚೆ ಕೂತಿದ್ದವರು ಮಿಸ್ ಒಡೆಸ್ಸಾ ಪಿಂಕ್ನಿ. ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗಿನ ಶಾಸನಭವನದ ಎದುರಿಗಿರುವ ನಮ್ಮ ಲೈನ್‌ಬಾಕ್ ವಕೀಲರ ಕಚೇರಿಯಲ್ಲಿ ಕಡತಗಳ ಕೋಣೆ ಅವರದು. ನ್ಯಾಯಾಲಯದಲ್ಲಿ ವಾದಿಸುವುದಕ್ಕಿಂತ ಶಾಸಕರ ಮುಂದೆ ವಾದಿಸುವುದೇ ನಮ್ಮ ಕಚೇರಿಗೆ ಹೆಚ್ಚು. ಯಾವ ಮಸೂದೆ ಏಳಬೇಕು, ಯಾವುದು ಬೀಳಬೇಕು ಎಂದು ಕಕ್ಷಿದಾರರು ಹೇಳುತ್ತಾರೆ, ನಾವು ಬಾಗಿಲು ಬಾಗಿಲಿಗೆ ಹೋಗಿ ಮಾತಾಡುತ್ತೇವೆ. ನಾನು ವೆರ್ನ್ ಹೋಕ್, ಇಪ್ಪತ್ತೇಳು ವರ್ಷದಿಂದ ಇಲ್ಲಿಂದ ಅಲ್ಲಿಗೆ ಕಾಗದ ಹೊರುವವನು. ಕಚೇರಿಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ದೊಡ್ಡ ವಕೀಲರೇ ಮೊದಲು ಬಂದು ನಿಲ್ಲುವುದು ಮಿಸ್ ಒಡೆಸ್ಸಾ ಅವರ ಮುಂದೆ. ನಾನು ಅವರಿಗೆ ಕಾಲು, ಅವರು ನನಗೆ ತಲೆ.

“ನಿಧಾನಕ್ಕೆ ಹೇಳಿ,” ಎಂದರು ಮಿಸ್ ಒಡೆಸ್ಸಾ.

ನೊರೀನ್ ಸ್ಲೇಟು ಕಲ್ಲಿನ ಗಣಿಗಳ ಊರಿನವರು. ಗಂಡ ಎಮ್ಲಿನ್ ನಲವತ್ತೊಂದು ವರ್ಷ ಅಲ್ಲಿ ಕಲ್ಲು ಸೀಳಿದವನು. ಧೂಳು ಕುಡಿದು ಎದೆ ಕೆಟ್ಟಿತ್ತು. ಅಂಥವರ ಚಿಕಿತ್ಸೆಯನ್ನು ಗಣಿ ಮಾಲೀಕರೇ ನೋಡಿಕೊಳ್ಳಬೇಕೆನ್ನುವ ಮಸೂದೆ ಆ ದಿನ ಮಧ್ಯಾಹ್ನ ಎರಡಕ್ಕೆ ಕಾರ್ಮಿಕ ಸಮಿತಿಯಲ್ಲಿ ಮತಕ್ಕೆ ಬರುವುದಿತ್ತು. ಗಣಿ ಮಾಲೀಕರ ಸಂಘ ನಮ್ಮ ಕಕ್ಷಿದಾರ. ಮಸೂದೆ ಬೇಡವೆಂದು ಕಾರ್ಮಿಕರೇ ಬರೆದ ನಲವತ್ತು ಪತ್ರಗಳನ್ನು ಹಿಂದಿನ ವಾರ ನಾನೇ ಹೊತ್ತು ಕೊಟ್ಟು ಬಂದಿದ್ದೆ. ಅದರಲ್ಲಿ ಎಮ್ಲಿನ್ ಹೆಸರಿನದೂ ಇತ್ತು.

“ಪತ್ರದ ಮೇಲೆ ಮಾರ್ಚ್ ಹನ್ನೊಂದು ಅಂತಿದೆ. ಅವನು ಹೋಗಿದ್ದು ಮಾರ್ಚ್ ಮೂರಕ್ಕೆ. ನಿಮ್ಮ ಪತ್ರಕ್ಕೆ ವಂದನೆ ಅಂತ ಸಮಿತಿ ಅಧ್ಯಕ್ಷರಿಂದ ಸತ್ತವನ ಹೆಸರಿಗೆ ಉತ್ತರ ಬಂತು. ನಾನು ಆ ಸಮಿತಿ ಕಚೇರಿಗೇ ಬಂದು ಅತ್ತುಬಿಟ್ಟೆ. ಅಲ್ಲಿ ಗುಮಾಸ್ತೆ ಬೆವರ್ಲಿ ಅಂತಾರಲ್ಲ, ಆಯಮ್ಮ ಮೂಲ ಪತ್ರಾನೇ ಕೊಟ್ಟು, ಇದು ಲೈನ್‌ಬಾಕ್ ಕಚೇರಿಯಿಂದ ಬಂದಿದ್ದು, ಅಲ್ಲೇ ಕೇಳಿ, ಮತಕ್ಕೆ ಮುಂಚೆ ತಂದುಕೊಡಿ ಅಂದ್ರು.” ನೊರೀನ್ ಧ್ವನಿ ತಗ್ಗಿತು. “ಅಧ್ಯಕ್ಷರ ಒಂದು ಮತದ ಮೇಲೆ ಎಲ್ಲಾ ನಿಂತಿದೆಯಂತೆ. ಧೂಳು ನನಗೇನೂ ಮಾಡಿಲ್ಲ ಅಂತ ಅವನು ನಿಜವಾಗ್ಲೂ ಬರೆದುಕೊಟ್ಟು ಸತ್ತನಾ? ನನಗೆ ಅದೊಂದು ಹೇಳಿ ಸಾಕು.”

ಮಿಸ್ ಒಡೆಸ್ಸಾ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಟೈಪು ಮಾಡಿದ ಎರಡು ಪುಟ. ಎರಡನೆಯದರಲ್ಲಿ ಎರಡೇ ಸಾಲು: “ನಲವತ್ತೊಂದು ವರ್ಷ ಸ್ಲೇಟು ಸೀಳಿದವನ ಮಾತು ಇದು. ಮತ ಹಾಕುವ ಮುನ್ನ ಒಮ್ಮೆ ನೆನೆಯಿರಿ.” ಕೆಳಗೆ ನಡುಗುವ ಸಹಿ.

“ವೆರ್ನ್, ಸ್ಟೇಪ್ಲರ್ ಪಿನ್ನಿನ ತೂತು ಎಣಿಸು.”

“ಮೊದಲ ಪುಟದಲ್ಲಿ ಎರಡು. ಎರಡನೇ ಪುಟದಲ್ಲಿ... ನಾಲ್ಕು.”

“ಮಡಿಕೆ?”

ಮೊದಲ ಪುಟಕ್ಕೆ ನಮ್ಮ ಕಚೇರಿಯ ಉದ್ದ ಲಕೋಟೆಗೆ ತಕ್ಕಂತೆ ಮೂರು ಮಡಿಕೆ. ಎರಡನೆಯದಕ್ಕೆ ಅದರ ಜೊತೆಗೆ ಇನ್ನೊಂದು ಹಳೆಯ ಗುರುತೂ ಇತ್ತು. ನಾಲ್ಕಾಗಿ ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡ ಹಾಗೆ.

“ಓದುವಾಗ ನಿಮಗೆ ಎಲ್ಲಿ ಅಳು ಬಂತು?” ಎಂದು ಮಿಸ್ ಒಡೆಸ್ಸಾ ಕೇಳಿದರು. ಅದೆಂಥ ಪ್ರಶ್ನೆ ಎಂದು ನನಗನಿಸಿತು.

“‘ಮೂರನೇ ಷೆಡ್ಡಿನ ಬಾಗಿಲ ಪಕ್ಕದ ಬೆಂಚು, ಬೆಳಗ್ಗೆ ಅಲ್ಲಿ ಮೊದಲು ಬಿಸಿಲು ಬೀಳುತ್ತದೆ’ ಅಂತ ಬರೆದಿದೆಯಲ್ಲ, ಅಲ್ಲಿ. ಅದು ಅವನ ಬೆಂಚು.”

ಅಷ್ಟರಲ್ಲಿ ಡೀನ್ ಕ್ರೆಸ್ಗಿ ಕಾಫಿ ಲೋಟ ಹಿಡಿದು ಬಂದ. ಊರೂರು ತಿರುಗಿ ಕಾರ್ಮಿಕರ ಪತ್ರ ತರುವುದು ಅವನ ಕೆಲಸ. ನೊರೀನ್ ಊರಿನವನೇ, ಎಮ್ಲಿನ್‌ನ ಬಾಲ್ಯದ ಗೆಳೆಯ. ಈಗಲೂ ಪ್ರತಿ ಭಾನುವಾರ ಹೋಗಿ ಅಲ್ಲಿಯ ಚರ್ಚಿನಲ್ಲಿ ಹಾಡುತ್ತಾನೆ.

“ನೊರೀನ್, ನೀನು ಬಂದಿದ್ದೀಯ ಅಂದ್ರು. ಸಕ್ಕರೆ ಎರಡು ಚಮಚ ತಾನೇ?” ಎಂದು ಲೋಟವನ್ನು ಆಕೆಯ ಕೈಗಿಟ್ಟು ತಬ್ಬಿಕೊಂಡ. “ಏನಾದ್ರೂ ಬೇಕಾದ್ರೆ ಹೇಳು.” ಮೇಜಿನ ಕಡೆ ಒಮ್ಮೆ ನೋಡಿ ಹೊರಟುಹೋದ.

ಮಿಸ್ ಒಡೆಸ್ಸಾ ಬಾಗಿಲನ್ನೇ ನೋಡುತ್ತಾ ಕೂತರು. ಆಮೇಲೆ ಕಿರಿಯ ವಕೀಲೆ ಟೆಸ್ಸಾ ರೀಡಿಯನ್ನು ಕರೆಸಿದರು. ಪತ್ರಗಳನ್ನು ಒಟ್ಟುಮಾಡಿ ಕಳಿಸಿದವಳು ಅವಳು.

“ತಾರೀಕು ಹಾಕಿದ್ದು ನಾನೇ,” ಎಂದಳು ಟೆಸ್ಸಾ, ಮುಖ ಬಿಳಿಚಿಕೊಂಡು. “ಸಹಿ ತರುವಾಗ ತಾರೀಕು ಖಾಲಿ ಬಿಡ್ತೀವಿ, ಮತ ಹಾಕೋದು ಯಾವಾಗ ಅಂತ ಗೊತ್ತಾದ ಮೇಲೆ ಎಲ್ಲದಕ್ಕೂ ಒಂದೇ ತಾರೀಕು ಹಾಕ್ತೀವಿ. ಯಾವಾಗ್ಲೂ ಹಾಗೇ. ಇವರು ತೀರಿಕೊಂಡಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಗಣಿಗೆ ಹೋಗಿದ್ದೀಯಾ?”

“ಒಂದು ಸಲ. ಗೇಟಿನ ಹತ್ರಾನೇ ಕೆಮ್ಮು ಬಂತು, ವಾಪಸ್ ಬಂದೆ.” ಹೇಳಿದ ಮೇಲೆ ತಾನೇನು ಹೇಳಿದೆ ಎಂದು ತಿಳಿದು ಅವಳ ಕಣ್ಣು ತುಂಬಿತು.

ಮಿಸ್ ಒಡೆಸ್ಸಾ ಗಣಿಯೂರಿಗೆ ಒಂದು ಫೋನು ಮಾಡಿದರು. ಹನ್ನೆರಡೂವರೆಗೆ ಗ್ರಂಥಾಲಯದ ಉದ್ದ ಮೇಜಿಗೆ ಎಲ್ಲರನ್ನೂ ಕರೆಸಿದರು. ದೊಡ್ಡ ವಕೀಲ ಗಾರ್ಡನ್ ಲೈನ್‌ಬಾಕ್ ಗಡಿಯಾರ ನೋಡುತ್ತಲೇ ಬಂದರು.

“ಸಹಿ ಅಸಲಿ ಅಂತ ಆಯಮ್ಮನೇ ಹೇಳ್ತಿದ್ದಾರೆ. ಇನ್ನೇನು ತಕರಾರು, ಒಡೆಸ್ಸಾ?”

“ಸಹಿ ಅಸಲಿ, ಸರ್. ಪತ್ರ ಅಸಲಿ ಅಲ್ಲ.” ಅವರು ಎರಡೂ ಪುಟ ಬಿಡಿಸಿಟ್ಟರು. “ಎರಡನೇ ಪುಟಕ್ಕೆ ಎರಡು ಸಲ ಪಿನ್ನು ಬಿದ್ದಿದೆ, ಮೊದಲ ಪುಟಕ್ಕೆ ಒಂದೇ ಸಲ. ಅಂದ್ರೆ ಸಹಿ ಇರೋ ಪುಟ ಮೊದಲು ಬೇರೆ ಪತ್ರದ ಜೊತೆ ಇತ್ತು. ಆ ಊರಿನ ಗ್ರಂಥಾಲಯಕ್ಕೆ ಫೋನ್ ಮಾಡಿದೆ. ಫೆಬ್ರವರಿ ಇಪ್ಪತ್ತಕ್ಕೆ ಎಮ್ಲಿನ್ ಬಂದು, ಮಸೂದೆ ಬೇಕು ಅಂತ ಎರಡು ಪುಟ ಟೈಪ್ ಮಾಡಿಸಿದ್ರಂತೆ. ಹೆಂಡತಿಗೆ ಹೇಳಬೇಡಿ ಅಂದ್ರಂತೆ.”

“ಬೇಕು ಅಂತ!” ನೊರೀನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಕೈ ಇಳಿಸಿ, “ನನಗ್ಯಾಕೆ ಹೇಳಬಾರದು?” ಎಂದರು.

“ಅದು ಅವರ ಅಸಲಿ ಮೊದಲ ಪುಟಕ್ಕೇ ಗೊತ್ತು. ಅಂಚೆಗೆ ಹಾಕೋ ಪತ್ರಾನ ಯಾರೂ ನಾಲ್ಕು ಮಡಿಕೆ ಮಾಡಲ್ಲ. ಜೇಬಲ್ಲಿಟ್ಟುಕೊಂಡು ಹೋಗಿ ಯಾರಿಗೋ ಕೈಯಾರೆ ಕೊಟ್ಟಿದ್ದಾರೆ, ಶಾಸನಭವನಕ್ಕೆ ಪತ್ರ ತಲುಪಿಸೋರಿಗೆ. ಟೆಸ್ಸಾ ಷೆಡ್ಡೇ ನೋಡಿಲ್ಲ. ನೀವು ಆ ಊರೇ ನೋಡಿಲ್ಲ, ಸರ್. ಆದ್ರೆ ಈ ಸುಳ್ಳು ಪುಟ ಬರೆದವನಿಗೆ ಎಮ್ಲಿನ್ ಕೂರ್ತಿದ್ದ ಬೆಂಚು ಗೊತ್ತು, ಅದರ ಮೇಲೆ ಬೆಳಗಿನ ಬಿಸಿಲು ಬೀಳೋದೂ ಗೊತ್ತು. ಪಕ್ಕದಲ್ಲಿ ಕೂತು ಕೆಲಸ ಮಾಡಿದವನಿಗೆ ಬಿಟ್ಟು ಯಾರಿಗೆ ಗೊತ್ತಿರುತ್ತೆ? ಗೆಳೆಯ ಸತ್ತು ಎರಡು ವಾರ, ಅವನ ಹೆಂಡತಿ ಕಾಗದ ಹಿಡಿದು ನಮ್ಮ ಕಚೇರಿಯಲ್ಲಿ ಅಳ್ತಾ ಕೂತಿದ್ದಾಳೆ. ಒಳಗೆ ಬಂದವನು ಸಕ್ಕರೆ ಎಷ್ಟು ಅಂತ ಕೇಳಿದ, ಅದೇನು ಕಾಗದ ಅಂತ ಕೇಳಲಿಲ್ಲ.”

ಯಾರೂ ಡೀನ್ ಕಡೆ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ.

“ಆರು ವರ್ಷ ಆ ಬೆಂಚಲ್ಲಿ ಕೂತಿದ್ದೆ,” ಎಂದ ಡೀನ್. “ಈ ಕಾನೂನು ಬಂದ್ರೆ ಬೇಸಿಗೆ ಹೊತ್ತಿಗೆ ಗಣಿ ಮುಚ್ಚುತ್ತೆ ಅಂತ ಮಾಲೀಕರು ಅಂದ್ರು. ನನ್ನ ಇಬ್ಬರು ತಮ್ಮಂದಿರು, ಚರ್ಚಲ್ಲಿ ಹಾಡೋರು ಅರ್ಧ ಜನ ಎಲ್ಲಾ ಅಲ್ಲೇ ದುಡಿಯೋದು. ಎಮ್ಲಿನ್ ಹೇಗೂ ಉಳಿಯಲ್ಲ ಅಂತ ಗೊತ್ತಿತ್ತು. ‘ನಿಮ್ಮೋರ ಪತ್ರ ಕೊಡುವಾಗ ನಂದೂ ಒಂದು ಹಾಕಿಬಿಡೋ’ ಅಂದ. ನಾನು... ಆ ಪುಟಾನ ಪತ್ರಗಳ ಕಟ್ಟಿನೊಳಗೆ ಸೇರಿಸುವಾಗ ಅವನು ಬದುಕಿದ್ದ, ನೊರೀನ್. ಆಮೇಲೆ ತೆಗೀಬೇಕು ಅಂದ್ರೆ ಬಾಯಿ ಬಿಡಬೇಕಾಗಿತ್ತು.”

“ಅವನ ಶವಪೆಟ್ಟಿಗೆ ಪಕ್ಕ ನಿಂತು ಹಾಡಿದೆಯಲ್ಲೋ,” ಎಂದರು ನೊರೀನ್. ಕೂಗಲಿಲ್ಲ. “ಎಷ್ಟು ಚೆನ್ನಾಗಿ ಹಾಡಿದೆ.”

ಡೀನ್ ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು ಆಕೆಯ ಮುಂದಿಟ್ಟ. “ಹರಿದು ಹಾಕೋಕೆ ಆಗಲಿಲ್ಲ.”

ನೊರೀನ್ ಓದತೊಡಗಿದರು, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ. “‘ಮಲಗಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಹನ್ನೊಂದು ತಿಂಗಳಿಂದ ಕುರ್ಚಿಯಲ್ಲೇ ನಿದ್ದೆ ಮಾಡುತ್ತೇನೆ. ಟಿವಿ ನೋಡುತ್ತಾ ನಿದ್ದೆ ಬಂತು ಎಂದು ಹೆಂಡತಿಗೆ ಹೇಳುತ್ತೇನೆ. ಮಹಡಿಗೆ ಹದಿನಾಲ್ಕು ಮೆಟ್ಟಿಲು. ಅವಳು ಮೇಲಿಂದ ಕರೆದಾಗ ಬಂದೆ ಅನ್ನುತ್ತೇನೆ, ಹೋಗುವುದಿಲ್ಲ...’” ಹಾಳೆ ಅವರ ಮಡಿಲಿಗೆ ಜಾರಿತು. “ನಾನು ಬೈತಿದ್ದೆ. ಆ ಟಿವಿನೇ ಕಟ್ಟಿಕೋಬೇಕಾಗಿತ್ತು ನೀನು ಅಂತ ಮೇಲಿಂದ ಕೂಗ್ತಿದ್ದೆ. ಅವನು ನಗ್ತಿದ್ದ.”

ಟೆಸ್ಸಾ ಬಿಕ್ಕಿದಳು. ಲೈನ್‌ಬಾಕ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಸುಳ್ಳು ಕಾಗದ ಸಮಿತಿ ಮುಂದೆ ಬಿಟ್ಟು ನಾನು ಮತಕ್ಕೆ ಹೋಗಲ್ಲ,” ಎಂದರು. “ನಲವತ್ತೂ ವಾಪಸ್ ಅಂತ ಬರೆದುಕೊಡ್ತೀನಿ. ಸಂಘದವರು ನಮ್ಮನ್ನ ಬಿಟ್ಟರೆ ಬಿಡಲಿ. ಡೀನ್, ನೀನು ನನ್ನ ಜೊತೆ ಬಂದು ಅಧ್ಯಕ್ಷರಿಗೆ ನಿನ್ನ ಬಾಯಲ್ಲೇ ಹೇಳಬೇಕು. ಈ ಪುಟ ನಮ್ಮದಲ್ಲ, ಆಯಮ್ಮಂದು. ಏನು ಮಾಡಬೇಕೋ ಅವರೇ ಹೇಳಲಿ.”

“ಅವನು ಎಲ್ಲಿಗೆ ಕಳಿಸಿದ್ದನೋ ಅಲ್ಲಿಗೆ ಹೋಗಲಿ,” ಎಂದರು ನೊರೀನ್.

ಮಿಸ್ ಒಡೆಸ್ಸಾ ಎರಡು ಪುಟಗಳನ್ನೂ ಜೋಡಿಸಿದರು. ಹೊಸ ತೂತು ಮಾಡಲಿಲ್ಲ. ಒಂದು ಪಿನ್ನನ್ನು ಬೆರಳಲ್ಲೇ ಹಳೆಯ ತೂತುಗಳಿಗೆ ಪೋಣಿಸಿ, ಹಿಂದೆ ಉಗುರಿನಿಂದ ಮಡಚಿದರು.

ನೊರೀನ್ ಜೊತೆ ನಾನು ರಸ್ತೆ ದಾಟಿದೆ. ಶಾಸನಭವನದ ಮೆಟ್ಟಿಲುಗಳನ್ನು ಆಕೆ ಒಂದೊಂದಾಗಿ ಹತ್ತಿದರು. ಹದಿನಾಲ್ಕನೆಯದರಲ್ಲಿ ನಿಂತು ಸುಧಾರಿಸಿಕೊಂಡರು. ಎಣಿಸುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಸಮಿತಿಯ ಕೋಣೆಯಲ್ಲಿ ಬೆವರ್ಲಿ ದಾಖಲೆ ಪುಸ್ತಕ ನನ್ನ ಕಡೆ ತಳ್ಳಿದಳು. ತಂದವರು ಯಾರು, ಯಾರ ಪರವಾಗಿ ಎಂದು ಅದರಲ್ಲಿ ಬರೆಯಬೇಕು. ಇಪ್ಪತ್ತೇಳು ವರ್ಷದಿಂದ ಕಕ್ಷಿದಾರರ ಹೆಸರು ಬರೆದು ಬರೆದು ನನ್ನ ಕೈಗೆ ಅದು ರೂಢಿಯಾಗಿತ್ತು. ಆ ದಿನ ‘ಎಮ್ಲಿನ್ ಪ್ರೋಸರ್’ ಎಂದು ಬರೆದೆ.

ಬೆವರ್ಲಿ ಓದಿ ತಲೆಯೆತ್ತಿದಳು. “ಇವರು ತೀರಿಹೋಗಿದ್ದಾರೆ ಅಂದಿದ್ರಲ್ಲ, ವೆರ್ನ್?”

“ಹೌದು. ಪತ್ರ ಈಗ ಬಂತು.”

ಅವಳು ಒಂದು ಗಳಿಗೆ ನೊರೀನ್ ಕಡೆ ನೋಡಿದಳು. ಆಮೇಲೆ ಸ್ವೀಕೃತಿಯ ಮುದ್ರೆಯನ್ನು ಶಾಯಿಗೆ ಒತ್ತಿ, ಮೊದಲ ಪುಟದ ತಲೆಯ ಮೇಲೆ ಮೆಲ್ಲಗೆ ಇಳಿಸಿದಳು.